ತೊಳೆದು ತಂದ ಮಿಡತೆಗಳು

ತರೀಕೆರೆಯ ಕಾಲೇಜಿನಲ್ಲಿದ್ದ ಆ ದೊಡ್ಡ ಹಲ್ಲಿ ಕರೆಂಟು ಹೋಗಿದ್ದರಿಂದ ಸತ್ತಿತು ಎಂದು ಎಲ್ಲರೂ ಹೇಳುತ್ತಾರೆ. ಎರಡು ದಿನ ಕರೆಂಟಿರಲಿಲ್ಲ, ಬೆಚ್ಚಗಿಡುವ ಬಲ್ಬು ಉರಿಯಲಿಲ್ಲ, ಎಲ್ಲಿಂದಲೋ ಬಂದ ಪ್ರಾಣಿ ನಮ್ಮ ಮಳೆಗಾಲದ ಥಂಡಿ ತಡೆಯಲಿಲ್ಲ, ಜನರೇಟರಿನ ಬೀಗದ ಕೈ ಇಟ್ಟುಕೊಂಡಿದ್ದ ಅಟೆಂಡರ್ ಅದನ್ನು ಹಾಕಲು ಮರೆತ. ಕೇಳುವವರಿಗೆ ಎಲ್ಲೂ ತೊಡಕಿಲ್ಲ. ನನ್ನ ತಕರಾರು ಒಂದೇ: ಇದು ಸುಳ್ಳು. ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ ಎಂದರೆ, ಇದನ್ನು ಮೊದಲು ಬರೆದುಕೊಟ್ಟವಳು ನಾನೇ.

ಕಳೆದ ತಿಂಗಳು ಕಡೂರಿನ ಕಾಲೇಜೊಂದರಲ್ಲಿ ಚರ್ಚಾಸ್ಪರ್ಧೆ ಇತ್ತು. ಓದುವಾಗ ಅಂಥ ವೇದಿಕೆಗಳಲ್ಲಿ ಗೆದ್ದ ಟ್ರೋಫಿಗಳು ಮನೆಯ ಶೋಕೇಸಿನಲ್ಲಿ ಇನ್ನೂ ಇವೆ. ಹಾಗಾಗಿ ಈಗ ತೀರ್ಪು ಕೊಡಲು ಕರೆಯುತ್ತಾರೆ. ಕಾಡುಪ್ರಾಣಿಗಳನ್ನು ಮನುಷ್ಯರು ಸಾಕಿ ಉಳಿಸಬಹುದೇ ಎಂಬುದು ವಿಷಯ. ವಿರೋಧವಾಗಿ ಮಾತಾಡಿದ ಹುಡುಗಿಯೊಬ್ಬಳು, "ದೂರದ ಉದಾಹರಣೆ ಯಾಕೆ ಅಧ್ಯಕ್ಷರೇ, ನಮ್ಮ ತರೀಕೆರೆಯಲ್ಲೇ ನಡೆದದ್ದು" ಎಂದು ಶುರುಮಾಡಿ, ಬಲ್ಬು, ಮಳೆ, ಜನರೇಟರು ಎಲ್ಲವನ್ನೂ ಹೇಳಿ, "ಒಬ್ಬ ನೌಕರನ ಮರೆವು ಒಂದು ಅಪರೂಪದ ಜೀವವನ್ನು ತೆಗೆಯಿತು" ಎಂದು ಬೆರಳೆತ್ತಿ ನಿಲ್ಲಿಸಿದಳು. ಚಪ್ಪಾಳೆ ಬಿತ್ತು. ಉದಾಹರಣೆಯ ಬಳಕೆ ಎಂಬ ಕಾಲಮ್ಮಿನಲ್ಲಿ ನಾನು ಅವಳಿಗೆ ಹತ್ತಕ್ಕೆ ಒಂಬತ್ತು ಹಾಕಿದೆ. ಆದರೆ ಆಮೇಲೆ ಕೊಟ್ಟ ಊಟಕ್ಕೆ ನಿಲ್ಲದೆ ಹೊರಟೆ.

ಆ ಹುಡುಗಿಗೆ ಎದುರಾಳಿಯಾಗಿ ನಿಂತಿದ್ದರೆ ಅವಳ ಕಥೆಯನ್ನು ಎರಡು ನಿಮಿಷದಲ್ಲಿ ಕೆಡವಬಹುದಿತ್ತು. ಆ ಎರಡು ದಿನ ಪ್ರಯೋಗಾಲಯದ ಥರ್ಮಾಮೀಟರು ಇಪ್ಪತ್ತೊಂದಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಆ ಹಲ್ಲಿ ಹುಟ್ಟಿದ ಈಶಾನ್ಯ ಭಾರತದ ಕಾಡಿನಲ್ಲಿ ಚಳಿಗಾಲ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಅಲ್ಲಿ ಅದಕ್ಕೆ ಯಾರು ಬಲ್ಬು ಹಾಕಿಕೊಟ್ಟಿದ್ದರು? ಇದೆಲ್ಲ ನನಗೆ ಆಗಲೂ ಗೊತ್ತಿತ್ತು.

ಅದು ನಾಲ್ಕು ವರ್ಷದ ಹಿಂದಿನ ಮಳೆಗಾಲ. ಎಂ.ಎಸ್ಸಿ. ಮುಗಿಸಿದ ವರ್ಷವೇ ನನಗೆ ತರೀಕೆರೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ಜೂನ್ ಮೊದಲ ವಾರ ಕಡೂರು ರೈಲ್ವೆ ಸ್ಟೇಷನ್ನಿನಲ್ಲಿ ರೈಲಿನ ಸೀಟಿನ ಕೆಳಗೆ ವಾರಸುದಾರರಿಲ್ಲದ ಒಂದು ಬ್ಯಾಗು ಸಿಕ್ಕಿತು. ಒಳಗೆ ತೂತು ಕೊರೆದ ನಾಲ್ಕು ಪ್ಲಾಸ್ಟಿಕ್ ಡಬ್ಬಿ, ನಾಲ್ಕರಲ್ಲೂ ಒಂದೊಂದು ಹಲ್ಲಿ. ಮೂರು ಆಗಲೇ ಸತ್ತಿದ್ದವು. ಉಳಿದ ಒಂದನ್ನು ಅರಣ್ಯ ಇಲಾಖೆಯವರು ಎಲ್ಲಿಡಬೇಕೆಂದು ತಿಳಿಯದೆ ನಮ್ಮಲ್ಲಿಗೆ ತಂದರು. ಇಲ್ಲಿಯ ಕಾಡಿಗೆ ಬಿಡುವಂತಿಲ್ಲ, ಅದು ಇಲ್ಲಿಯದಲ್ಲ. ಮೃಗಾಲಯಕ್ಕೆ ಕಳಿಸಲು ಕಾಗದಪತ್ರ ಆಗಬೇಕು, ಮಳೆಗಾಲ ಮುಗಿಯುವ ಹೊತ್ತಿಗೆ ಆಗುತ್ತದೆ. ಅಲ್ಲಿಯವರೆಗೆ ಅದು ಜಪ್ತಿಯಾದ ಮಾಲು. ಸಹಿ ಹಾಕಿ ಇಸಿದುಕೊಂಡವಳು ನಾನು.

ಟೋಕೇ ಎಂದು ಅದರ ಹೆಸರು. ಮನೆಯ ಗೋಡೆ ಮೇಲಿನ ಹಲ್ಲಿಯನ್ನು ನೆನೆಸಿಕೊಂಡರೆ ತಪ್ಪಾಗುತ್ತದೆ. ಗೇಣಿಗಿಂತ ಉದ್ದ, ಗಂಡಸಿನ ಹೆಬ್ಬೆರಳಿಗಿಂತ ದಪ್ಪನೆಯ ಬಾಲ, ನೀಲಿ ಕಲೆಸಿದ ಬೂದಿಯಂಥ ಮೈ, ಅದರ ಮೇಲೆ ಇಟ್ಟಿಗೆ ಬಣ್ಣದ ಚುಕ್ಕೆ. ರೆಪ್ಪೆ ಇಲ್ಲದ ಕಣ್ಣನ್ನು ನಾಲಿಗೆಯಿಂದ ಒರೆಸಿಕೊಳ್ಳುತ್ತಿತ್ತು. ಇಂಥದ್ದರ ಬಗ್ಗೆ ಊರಿನವರಿಗೆ ಮೊಬೈಲಿನಿಂದ ಬಂದ ಜ್ಞಾನವೇ ಬೇರೆ: ಇದರಿಂದ ಎಲ್ಲ ಕಾಯಿಲೆಗೂ ಮದ್ದು ಮಾಡುತ್ತಾರೆ, ಅದಕ್ಕೇ ಕದಿಯುತ್ತಾರೆ ಎಂದು. ನೋಡಲು ಬಂದವರ ಜೊತೆ ಮೊದಲ ವಾರವೆಲ್ಲ ಅದೇ ಜಗಳ. ಯಾವ ಕಾಯಿಲೆ, ಯಾರಿಗೆ ವಾಸಿಯಾಯಿತು, ಹೆಸರು ಹೇಳಿ ಎಂದು ಕೇಳುತ್ತಿದ್ದೆ. ಬಾಗಿಲ ಬಳಿ ನಿಂತು ಕೇಳುತ್ತಿದ್ದ ಅಟೆಂಡರ್ ಓಂಕಾರಪ್ಪ ಒಂದು ದಿನ, "ಮೇಡಂ, ಅವರು ಹಲ್ಲಿ ನೋಡಾಕೆ ಬಂದವ್ರೆ. ನೀವು ಲಾಯರ್ ಥರ ಹಿಡ್ಕಂಡ್ರೆ ಹೆಂಗೆ?" ಎಂದರು.

ಓಂಕಾರಪ್ಪ ಐವತ್ತು ದಾಟಿದವರು. ಅಜ್ಜಂಪುರದ ಹತ್ತಿರದ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಹದಿನೆಂಟು ವರ್ಷದಿಂದ ಆ ಪ್ರಯೋಗಾಲಯದ ಗಾಜಿನ ಸೀಸೆಗಳನ್ನು ತೊಳೆದು, ಕಪ್ಪೆಗಳನ್ನು ಎಣಿಸಿ ಇಟ್ಟವರು. ಆದರೂ ಹೊರಗುತ್ತಿಗೆ ನೌಕರ. ಪ್ರತಿ ವರ್ಷ ಆಗಸ್ಟ್ ಕೊನೆಗೆ ಒಂದು ಪಟ್ಟಿ ಬರುತ್ತಿತ್ತು. ಅದರಲ್ಲಿ ಹೆಸರಿದ್ದರೆ ಮತ್ತೊಂದು ವರ್ಷ. ಆ ವರ್ಷದ ಪಟ್ಟಿ ಅವರಿಗೆ ಮುಖ್ಯವಾಗಿತ್ತು. ಇಷ್ಟು ವರ್ಷ ಸತತವಾಗಿ ದುಡಿದವರನ್ನು ಕಾಯಂ ಮಾಡುವ ಮಾತು ಮೇಲಿನಿಂದ ಬಂದಿತ್ತು. ನಡುವೆ ಒಂದು ವರ್ಷ ತಪ್ಪಿದರೂ ಲೆಕ್ಕ ಮುರಿಯುತ್ತದೆ. "ಇದೊಂದ್ಸಲ ಹೆಸ್ರು ಬಂದ್ಬಿಟ್ರೆ ಸಾಕು ಮೇಡಂ, ಆಮೇಲೆ ನಾನೂ ನಿಮ್ ಥರ ಜೋರಾಗಿ ಮಾತಾಡ್ತೀನಿ" ಎನ್ನುತ್ತಿದ್ದರು. ನನಗದು ತಮಾಷೆಯಾಗಿ ಮಾತ್ರ ಕೇಳಿಸುತ್ತಿತ್ತು.

ಹಲ್ಲಿಯ ಮನೆಯನ್ನು ನಾವಿಬ್ಬರೇ ಕಟ್ಟಿದೆವು. ಮೀನು ಸಾಕಲು ತಂದು ಮೂಲೆಗಿಟ್ಟಿದ್ದ ದೊಡ್ಡ ಗಾಜಿನ ತೊಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಬಾಯಿಗೆ ಜಾಲರಿ ಬಾಗಿಲು ಕಟ್ಟಿದೆವು. ತಳಕ್ಕೆ ತೆಂಗಿನ ನಾರಿನ ಪುಡಿ ಬೇಕೆಂದು ನಾನು ಪುಸ್ತಕ ನೋಡಿ ಹೇಳಿದರೆ, ಓಂಕಾರಪ್ಪ ಪಂಚನಹಳ್ಳಿಯ ಕಡೆಯ ನೆಂಟರಿಂದ ಒಂದು ಮೂಟೆ ತರಿಸಿ, "ಬೇರೆ ದೇಶದೋರು ಇದನ್ನ ದುಡ್ಡು ಕೊಟ್ಟು ತಗೋತಾರಾ? ನಮ್ಕಡೆ ರಸ್ತೆ ಪಕ್ಕ ಸುರಿದವ್ರೆ" ಎಂದು ನಕ್ಕರು. ಅವಿತುಕೊಳ್ಳಲು ಒಣ ಅಡಿಕೆ ಹಾಳೆ, ಹತ್ತಲು ತೆಂಗಿನ ಮಟ್ಟೆಯ ತುಂಡು, ಮೂಲೆಯಲ್ಲಿ ನಲವತ್ತು ವ್ಯಾಟಿನ ಬಲ್ಬು. ಬಟ್ಟಲಲ್ಲಿ ಇಟ್ಟ ನೀರನ್ನು ಅದು ಮುಟ್ಟುತ್ತಿರಲಿಲ್ಲ. ಇಸ್ತ್ರಿ ಮಾಡುವವರ ಬಳಿ ಇರುತ್ತದಲ್ಲ, ಅಂಥ ನೀರು ಚಿಮುಕಿಸುವ ಬಾಟಲಿಯಿಂದ ಗಾಜಿಗೆ ಹನಿ ಹೊಡೆದರೆ ಬಂದು ಒಂದೊಂದೇ ಹನಿ ನೆಕ್ಕುತ್ತಿತ್ತು. ದಿನಕ್ಕೆರಡು ಬಾರಿ ಆ ಕೆಲಸ ಓಂಕಾರಪ್ಪನವರದು. ಗಾಜಿನ ಆಚೆಯಿಂದ ಅದರ ನಾಲಿಗೆಗೆ ಎದುರಾಗಿ ಬೆರಳಿಟ್ಟುಕೊಂಡು ನಿಲ್ಲುತ್ತಿದ್ದರು.

ಪೊರೆ ಬಿಡುವಾಗ ಕಾಲ್ಬೆರಳಿಗೆ ಸುತ್ತಿಕೊಂಡ ಚೂರನ್ನು ಬಿಡಿಸಲು ಹೋಗಿ ಒಮ್ಮೆ ಕಚ್ಚಿಸಿಕೊಂಡರು. ಟೋಕೇ ಕಚ್ಚಿದರೆ ಬಿಡುವುದಿಲ್ಲ. ಹೆಬ್ಬೆರಳಿಗೆ ಹಲ್ಲಿ ಜೋತುಬಿದ್ದಂತೆಯೇ ಅವರು ಸ್ಟೂಲಿನ ಮೇಲೆ ಹೋಗಿ ಕೂತರು. ನಾನು ಗಾಬರಿಯಾಗಿ ನೀರಿನ ಬಕೀಟು ತಂದೆ. "ಇರ್ಲಿ ಮೇಡಂ, ಅದಕ್ಕೇ ಸಾಕಾಗಿ ಬಿಡ್ತದೆ. ಎಳೆದ್ರೆ ಅದರ ದವಡೆ ಹೋಗ್ತದೆ" ಎಂದು ಕಾಲು ಗಂಟೆ ಕೂತರು. ರಕ್ತ ಮುಂಗೈವರೆಗೆ ಇಳಿದಿತ್ತು.

ತಿನ್ನಲು ಮೊದಮೊದಲು ಹಾಸ್ಟೆಲ್ ಅಡುಗೆಮನೆಯ ಜಿರಲೆ ಹಾಕಿದೆವು. ಜಿರಲೆಗೆ ಅಲ್ಲಿ ಪುಡಿ ಹಾಕುತ್ತಾರೆಂದು ಗೊತ್ತಾದ ದಿನವೇ ನಾನು ಅದನ್ನು ನಿಲ್ಲಿಸಿದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ವಿಷದ ಹುಳ ತಿಂದರೆ ಹಲ್ಲಿ ಸಾಯುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದು ವಾದಿಸಲು ನನಗೇ ದಾರಿ ಇಲ್ಲ. ಆಮೇಲೆ ಮಿಡತೆ. ಓಂಕಾರಪ್ಪನವರ ಹೆಂಡತಿ ಗಿರಿಜಮ್ಮ ಬೆಳಗಿನ ಇಬ್ಬನಿಯಲ್ಲಿ, ರೆಕ್ಕೆ ಒದ್ದೆಯಾಗಿ ಹಾರಲಾರದ ಹೊತ್ತಿನಲ್ಲಿ, ಈರುಳ್ಳಿ ಹೊಲದ ಬದುವಿನಲ್ಲಿ ಅವನ್ನು ಹಿಡಿಯುತ್ತಿದ್ದರು. ಹಳೆಯ ಸೊಳ್ಳೆಪರದೆಯಿಂದ ಅದಕ್ಕೆಂದೇ ಒಂದು ಚೀಲ ಹೊಲಿದಿದ್ದರು. ಆ ಚೀಲ ಹಿಡಿದು ಬಸ್ಸು ಹತ್ತಿದರೆ ಕಂಡಕ್ಟರು, "ಏನಣ್ಣಾ, ಇವಕ್ಕೆಲ್ಲ ಅರ್ಧ ಟಿಕೇಟೋ ಫುಲ್ಲೋ?" ಎನ್ನುತ್ತಿದ್ದನಂತೆ. ಮೊಟ್ಟೆ ಮುಟ್ಟದ ಮನೆಯ ಓಂಕಾರಪ್ಪ, ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಮೊಟ್ಟೆಯ ಚಿಪ್ಪನ್ನು ಅರೆದು, ಮಿಡತೆಗಳನ್ನು ಆ ಪುಡಿಯಲ್ಲಿ ಹೊರಳಾಡಿಸಿ ಒಳಗೆ ಬಿಡುತ್ತಿದ್ದರು. ಮೂಳೆ ಗಟ್ಟಿಯಾಗಲಿ ಎಂದು. "ನಮ್ಮನೇಲಿ ಹೇಳ್ಬೇಡಿ ಮತ್ತೆ" ಎನ್ನುತ್ತಿದ್ದರು. ಗಿರಿಜಮ್ಮ ಹಲ್ಲಿಯನ್ನು ನೋಡಿಯೇ ಇರಲಿಲ್ಲ. ಆದರೂ ಸಂಜೆ ಗಂಡ ಮನೆ ಮುಟ್ಟಿದ ಕೂಡಲೇ ಮೊದಲ ಮಾತು, "ಎಷ್ಟ್ ತಿಂತು?"

ಜುಲೈ ಹೊತ್ತಿಗೆ ಅದು ಮೈ ತುಂಬಿಕೊಂಡು ಕೂಗಲು ಶುರುಮಾಡಿತು. ಮೊದಲು ಗಂಟಲಲ್ಲಿ ಏನೋ ಕಟಕಟ ಕಡಿದ ಹಾಗೆ, ಆಮೇಲೆ ಟೊಕ್‌ಕೇ, ಟೊಕ್‌ಕೇ ಎಂದು ಕಾರಿಡಾರಿನ ತುದಿಯವರೆಗೆ. ನಮ್ಮ ಕಡೆ ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜ ಎಂದು ಬೆರಳಿಂದ ನೆಲ ಕುಟ್ಟುವವರಿದ್ದಾರಲ್ಲ. ಸ್ಟಾಫ್ ರೂಮಿನಲ್ಲಿ ಅದೇ ಆಟವಾಯಿತು. ಈ ವರ್ಷ ಸಂಬಳ ಬೇಗ ಆಗುತ್ತೆ ಎಂದು ಯಾರೋ ಅನ್ನುವುದು, ಇದು ಕೂಗುವುದು, ಎಲ್ಲರೂ ಮೇಜು ಕುಟ್ಟುವುದು. ನಾನು ಓಂಕಾರಪ್ಪನವರಿಗೆ, "ಅದು ಹೆಣ್ಣನ್ನು ಕರೀತಾ ಇದೆ, ನಿಮ್ಮ ಮಾತಿಗೆ ಸಾಕ್ಷಿ ಹೇಳ್ತಿಲ್ಲ" ಎಂದೆ.

"ಕರೀಲಿ ಬಿಡಿ. ಇಲ್ಲಿ ಹೆಣ್ಣೇ ಇಲ್ಲ ಅಂತ ಅದಕ್ಕೆ ಯಾರು ಹೇಳೋರು?"

ಆ ಜಾತಿಯ ಇನ್ನೊಂದು ಜೀವ ನೂರಾರು ಮೈಲಿ ಸುತ್ತಿನಲ್ಲಿ ಇರಲಿಲ್ಲ. ಅದು ಕೂಗುತ್ತಲೇ ಇತ್ತು. ಹೊರಗೆ ಮಳೆ ಹಿಡಿದು, ಬಯಾಲಜಿ ಬ್ಲಾಕಿನ ಗೋಡೆ ಒಸರಿ, ಅಲಮಾರಿನಲ್ಲಿದ್ದ, ಒಣಗಿಸಿದ ಗಿಡ ಅಂಟಿಸಿಟ್ಟ ಹರ್ಬೇರಿಯಂ ಹಾಳೆಗಳಿಗೆಲ್ಲ ಬೂಷ್ಟು ಬಂದ ತಿಂಗಳದು. ತರಗತಿಗೆ ಬರುವ ಹುಡುಗರೂ ಕಡಿಮೆ. ಇಡೀ ದಿನ ನಾವು ಮೂವರೇ ಇದ್ದಂತೆ ಅನಿಸುತ್ತಿತ್ತು: ಓಂಕಾರಪ್ಪ, ನಾನು, ಅದು.

ಆಗಸ್ಟ್ ಮೂರನೆಯ ವಾರ ಮೃಗಾಲಯದಿಂದ ಪತ್ರ ಬಂತು, ಹತ್ತು ದಿನದಲ್ಲಿ ಬಂದು ಒಯ್ಯುತ್ತೇವೆ, ತೂಕದ ವಿವರ ಕಳಿಸಿ ಎಂದು. ತೂಕ ಚೆನ್ನಾಗಿರಲಿ ಎಂಬ ಆಸೆ ನನಗೆ. ಒಪ್ಪಿಸುವಾಗ ಮೆಚ್ಚಿಕೊಂಡು ಒಂದು ಮಾತು ಬರೆದುಕೊಟ್ಟರೆ ಮುಂದೆ ಸಂಶೋಧನೆಗೆ ಅರ್ಜಿ ಹಾಕುವಾಗ ಅನುಕೂಲ ಎಂಬ ಲೆಕ್ಕವೂ ಇತ್ತು. ಶನಿವಾರ ಓಂಕಾರಪ್ಪ ಚೀಲ ಮಡಚುತ್ತ, "ಸೋಮವಾರ ಮಿಡತೆ ಬ್ಯಾಡ ಮೇಡಂ" ಎಂದರು.

"ಯಾಕೆ?"

"ಈರುಳ್ಳಿಗೆ ನುಸಿ ಬಿದ್ದೈತೆ. ನಾಳೆ ನಮ್ಮ ಹೊಲಕ್ಕೆ ಔಷಧಿ ಹೊಡೀತೀವಿ. ಒಂದ್ವಾರ ಬಿಟ್ಟು ತರ್ತೀನಿ."

"ನಿಮ್ಮ ಹೊಲಕ್ಕೆ ತಾನೇ? ಪಕ್ಕದ ಹೊಲದಿಂದ ತನ್ನಿ."

"ಅಲ್ಲೂನೂವೇ..."

"ಪಕ್ಕದ ಹೊಲ ನಿಮ್ಮದಲ್ಲ. ಔಷಧಿ ಹೊಡೆಯೋದು ನಿಮ್ಮ ಹೊಲಕ್ಕೆ. ಮಿಡತೆಗೇನು ಬರಗಾಲವಾ ಓಂಕಾರಪ್ಪ? ಅಜ್ಜಂಪುರದಲ್ಲಿ ನಿಮ್ಮದೊಂದೇ ಹೊಲ ಇರೋದಾ?"

"ಹಂಗಲ್ಲ ಮೇಡಂ, ನಮ್ಕಡೆ..."

"ಹಂಗಲ್ಲ ಅಂದ್ರೆ ಹೆಂಗೆ ಹೇಳಿ? ತೂಕ ನೋಡೋ ವಾರದಲ್ಲಿ ಅದನ್ನ ಉಪವಾಸ ಇಡೋಣ್ವಾ?"

ಅವರು ಚೀಲವನ್ನು ಕಂಕುಳಿಗೆ ಸೇರಿಸಿಕೊಂಡರು. "ಆಯ್ತು, ನೋಡ್ತೀನಿ" ಎಂದರು. ಚರ್ಚೆಯಲ್ಲಿ ನಮಗೆ ಕಲಿಸಿದ್ದೇ ಅದು. ಎದುರಾಳಿಯ ಮೊದಲ ವಾಕ್ಯವನ್ನು ಹಿಡಿ, ಎರಡನೆಯದಕ್ಕೆ ಜಾಗ ಕೊಡಬೇಡ. ಓಂಕಾರಪ್ಪ ಎರಡು ಸಲ ಎರಡನೆಯ ವಾಕ್ಯ ಶುರುಮಾಡಿದ್ದರು.

ಸೋಮವಾರ ಚೀಲದ ತುಂಬ ಮಿಡತೆ. ಎಂದಿಗಿಂತ ಹೆಚ್ಚು, ಎಂದಿಗಿಂತ ಸುಮ್ಮನೆ. ಕೆಲವು ಒದ್ದೆಯಾಗಿದ್ದವು. "ಇದೇನು?" ಎಂದೆ. "ತೊಳೆದು ತಂದಿದೀನಿ ಮೇಡಂ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಮಿಡತೆಗೆ ಸ್ನಾನ ಮಾಡಿಸಿ ತಂದಿದ್ದಾರೆ ಎಂದು ಸ್ಟಾಫ್ ರೂಮಿಗೆ ಹೋಗಿ ಹೇಳಿ ನಗಿಸಿದೆ ಕೂಡ. ಊರವರು ಹೇಳಿದ್ದಕ್ಕೆಲ್ಲ ಯಾಕೆ, ಹೇಗೆ ಎಂದು ಕೇಳುತ್ತಿದ್ದವಳು ಆ ಒಂದು ಮಾತಿಗೆ ಮಾತ್ರ ಯಾಕೆ ಎನ್ನಲಿಲ್ಲ. ಮಧ್ಯಾಹ್ನ ಹಲ್ಲಿ ಏಳು ಮಿಡತೆ ತಿಂದಿತು. ನೋಟ್‌ಬುಕ್ಕಿನಲ್ಲಿ ಏಳು ಎಂದು ಬರೆದು ಕೆಳಗೆ ಗೆರೆ ಎಳೆದೆ.

ಮಂಗಳವಾರ ಬೆಳಿಗ್ಗೆ ಅದು ತಳದಲ್ಲಿತ್ತು. ಅಷ್ಟು ದಿನದಲ್ಲಿ ಒಮ್ಮೆಯೂ ತಳದಲ್ಲಿ ಇದ್ದದ್ದನ್ನು ನೋಡಿರಲಿಲ್ಲ. ಗಾಜು ಹತ್ತಲು ಮುಂಗಾಲು ಇಡುತ್ತಿತ್ತು, ಬೆರಳು ಹಿಡಿಯದೆ ಜಾರುತ್ತಿತ್ತು, ಮತ್ತೆ ಇಡುತ್ತಿತ್ತು. ಬಾಯಿ ಅರ್ಧ ತೆರೆದೇ ಇತ್ತು. ಹಿಂಗಾಲು ಅದರಷ್ಟಕ್ಕೆ ಅದು ಅದುರುತ್ತಿತ್ತು. "ಬೆಳಿಗ್ಗೆ ಒಂಬತ್ತೂವರೆ, ಗಾಜು ಹತ್ತಲಾಗುತ್ತಿಲ್ಲ, ನಡುಕ" ಎಂದು ಬರೆದೆ. ಹನ್ನೆರಡರ ಸುಮಾರಿಗೆ ಗಾಳಿಮಳೆಗೆ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಕ್ರಮ ಗಮನಿಸಬೇಕು: ನಡುಕ ಮೊದಲು, ಕರೆಂಟು ಆಮೇಲೆ.

ಓಂಕಾರಪ್ಪ ಬೀಗದ ಕೈ ಹಿಡಿದು ಬಂದು, "ಜನರೇಟರ್ ಹಾಕ್ಲಾ ಮೇಡಂ? ಬಲ್ಬು ಉರೀತದೆ" ಎಂದರು. ನಾನು ಥರ್ಮಾಮೀಟರು ತೋರಿಸಿದೆ. "ಬೇಡ. ಇಷ್ಟು ಬಿಸಿ ಸಾಕು ಅದಕ್ಕೆ." ಅದು ಸರಿಯಾದ ಮಾತೇ ಆಗಿತ್ತು. ಆ ವಾರ ನಾನು ಆಡಿದ ಸರಿಯಾದ ಮಾತು ಅದೊಂದೇ, ಅದೂ ಆಮೇಲೆ ಅವರ ಕುತ್ತಿಗೆಗೆ ಬಂತು.

ಪಶುವೈದ್ಯರಿಗೆ ಫೋನು ಹೋಗುತ್ತಿರಲಿಲ್ಲ. ಬುಧವಾರ ಪೂರ್ತಿ ಅದು ಅಡಿಕೆ ಹಾಳೆಯ ಕೆಳಗೆ ಮಲಗಿತ್ತು. ಓಂಕಾರಪ್ಪ ಬೆರಳ ತುದಿಯಿಂದ ಹನಿಹನಿಯಾಗಿ ಬಾಯಿಗೆ ನೀರು ಬಿಟ್ಟರು. ಕಚ್ಚಲಿಲ್ಲ. "ಕಚ್ಚೋ ಮಾರಾಯ, ಕಚ್ಚು" ಎಂದು ಬೆರಳನ್ನು ಅದರ ದವಡೆಯ ನಡುವೆಯೇ ಇಟ್ಟರು. ಗುರುವಾರ ಬೆಳಿಗ್ಗೆ ನಾವು ಬಾಗಿಲು ತೆಗೆದಾಗ ಮೈ ಬಣ್ಣವೆಲ್ಲ ಕಪ್ಪಾಗಿ ಹೋಗಿತ್ತು.

ಆಗ ಕೇಳಿದೆ. "ಎಲ್ಲಿಂದ ತಂದಿದ್ರಿ?"

"ಪಕ್ಕದ ಹೊಲದ ಬದುವಿಂದ. ನೀವು ಹೇಳಿದ್ರಲ್ಲ."

"ಅಲ್ಲಿ ಔಷಧಿ..."

"ಎಲ್ಲ ಹೊಲಕ್ಕೂ ಹೊಡೆದಿದ್ವಿ ಮೇಡಂ. ನಮ್ಕಡೆ ಮುಯ್ಯಾಳು. ಒಬ್ಬರ ಹೊಲಕ್ಕೆ ಇನ್ನೊಬ್ರು ಹೋಗಿ, ಒಂದೇ ದಿನ ಸಾಲಾಗಿ ಎಲ್ಲದಕ್ಕೂ ಹೊಡ್ಕಂಡು ಬತ್ತೀವಿ. ಒಬ್ಬರು ಬಿಟ್ರೆ ಹುಳ ಅವರ ಹೊಲ ಸೇರ್ಕಂಡು ಮತ್ತೆ ನಮ್ದಕ್ಕೇ ಬತ್ತವೆ. ಅವತ್ತು ಹೇಳಾಕೆ ಬಂದೆ." ಜಾಲರಿ ಬಾಗಿಲು ಮುಚ್ಚಿ, "ಗಿರಿಜ ಹಿಡಿದಿದ್ದು. ಈ ಸಲ ಹಾರ್ತಾನೇ ಇಲ್ಲ, ಸುಲಭವಾಗಿ ಸಿಕ್ಬಿಟ್ವು ಅಂದ್ಲು. ನಾನು ಮೂರು ನೀರಲ್ಲಿ ತೊಳೆದೆ" ಎಂದರು.

ಮೂರು ನೀರಲ್ಲಿ ತೊಳೆದರೆ ಹೋಗುವಂಥದ್ದಲ್ಲ ಅದು, ಹುಳದ ಮೈಯೊಳಗೇ ಇರುತ್ತದೆ. ಅದನ್ನು ಹೇಳಲು ಕಾಲೇಜಿನಲ್ಲಿ ಸಂಬಳ ತೆಗೆದುಕೊಳ್ಳುತ್ತಿದ್ದವಳು ನಾನು. ಅವರು ಮೇಜಿನ ಅಂಚು ಹಿಡಿದು ನಿಂತಿದ್ದರು. ಪಟ್ಟಿ ಬರಲು ಎಂಟು ದಿನ ಉಳಿದಿತ್ತು. "ಈ ಔಷಧಿ ವಿಷಯ ಯಾರ ಹತ್ರನೂ ಎತ್ತಬೇಡಿ" ಎಂದೆ. "ನಾನು ನೋಡ್ಕೋತೀನಿ." ಅವರು ತಲೆಯಾಡಿಸಿದರು.

ನೋಡಿಕೊಂಡದ್ದು ಹೀಗೆ. ನೋಟ್‌ಬುಕ್ಕು ಒದ್ದೆಯಾಗಿ ಶಾಯಿ ಕಲೆಸಿದೆ, ಫೇರ್ ಕಾಪಿ ಮಾಡಿಕೊಡುತ್ತೇನೆ ಎಂದು ಹೇಳಿ ಹೊಸ ಪುಸ್ತಕದಲ್ಲಿ ಎಲ್ಲವನ್ನೂ ದುಂಡಗೆ ಬರೆದೆ. ಮಂಗಳವಾರ ಒಂಬತ್ತೂವರೆಯ ಸಾಲು ಬರೆಯಲಿಲ್ಲ. ಥರ್ಮಾಮೀಟರಿನ ಅಂಕಿಗಳನ್ನೂ ಬಿಟ್ಟೆ. ವಿದ್ಯುತ್ ವ್ಯತ್ಯಯದಿಂದ ಉಷ್ಣಾಂಶ ಕುಸಿದು ಸಾವು ಸಂಭವಿಸಿರಬಹುದು ಎಂದು ಒಂದು ಪುಟದ ವರದಿ. ಕರೆಂಟಿಲ್ಲದೆ ಫ್ರಿಜ್ಜೂ ಇಲ್ಲ, ದೇಹ ಪಶುವೈದ್ಯರ ಕೈ ಸೇರುವ ಹೊತ್ತಿಗೆ ಕೆಟ್ಟಿತ್ತು. ಅವರು ಕಾರಣ ಹೇಳಲಾಗದು ಎಂದು ಬರೆದರು. ಗಾಳಿಮಳೆಯ ತಪ್ಪಿಗೆ ಯಾರ ಕೆಲಸವೂ ಹೋಗುವುದಿಲ್ಲ ಎಂಬುದು ನನ್ನ ತರ್ಕ. ಓಂಕಾರಪ್ಪನವರನ್ನು ಉಳಿಸಲು ಬರೆದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಶನಿವಾರದ ಆ ಮಾತುಕತೆಯನ್ನು ಬೇರೆ ಯಾರೂ ಕೇಳಿಸಿಕೊಂಡಿರಲಿಲ್ಲ ಎಂಬುದು ಬರೆಯುವಾಗ ನನ್ನ ತಲೆಯಲ್ಲಿ ಇರಲಿಲ್ಲವೇ? ಇತ್ತು.

ವಾದ ಕಟ್ಟಿದವರು ಎದುರಿನಿಂದ ಬರುವ ಮೊದಲ ಪ್ರಶ್ನೆಯನ್ನು ಊಹಿಸಬೇಕು. ನಾನು ಊಹಿಸಿರಲಿಲ್ಲ. ಪ್ರಿನ್ಸಿಪಾಲರ ಕೊಠಡಿಯಲ್ಲಿ ಅರಣ್ಯ ಇಲಾಖೆಯ ಅಧಿಕಾರಿ ನನ್ನ ಪುಟವನ್ನು ಓದಿ, "ಚೆನ್ನಾಗಿ ಬರೆದಿದ್ದೀರಮ್ಮ" ಎಂದರು. ಆಮೇಲೆ ಪ್ರಿನ್ಸಿಪಾಲರ ಕಡೆ ತಿರುಗಿ, "ನಿಮ್ಮಲ್ಲಿ ಜನರೇಟರ್ ಇಲ್ವಾ?"

"ಇದೆ. ಬೀಗದ ಕೈ ಅಟೆಂಡರ್ ಹತ್ರ ಇರುತ್ತೆ."

ಪ್ರಿನ್ಸಿಪಾಲರು ಓಂಕಾರಪ್ಪನವರನ್ನು ಕರೆಸಿದರು. "ಏನ್ರೀ, ಎರಡು ದಿನ ಕರೆಂಟಿಲ್ಲ, ಪ್ರಾಣಿ ಸಾಯ್ತಾ ಇದೆ, ಜನರೇಟರ್ ಯಾಕೆ ಹಾಕ್ಲಿಲ್ಲ?"

ಅವರು ಒಮ್ಮೆ ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಬಸ್ಸಿನಲ್ಲಿ ಪಕ್ಕದವರು ಇಳಿಯುತ್ತಾರೋ ಇಲ್ಲವೋ ಎಂದು ನೋಡುತ್ತಾರಲ್ಲ, ಅಷ್ಟೇ. ಬೇಡ ಎಂದವಳು ನಾನು ಎಂದರೆ ಯಾಕೆ ಬೇಡ ಎಂದಿರಿ ಎನ್ನುತ್ತಾರೆ. ಚಳಿ ಇರಲಿಲ್ಲ ಎಂದರೆ ಮತ್ತೆ ಹೇಗೆ ಸತ್ತಿತು ಎನ್ನುತ್ತಾರೆ. ಒಂದರ ಹಿಂದೊಂದು ಎಲ್ಲ ಪ್ರಶ್ನೆಯೂ ನನಗೆ ಕಂಡವು. ಚರ್ಚೆಯ ವೇದಿಕೆಗಳಲ್ಲಿ ಎಂದೂ ಮಾತಿಗೆ ತಡವರಿಸದ ನಾನು ಫೇರ್ ಕಾಪಿಯ ರಟ್ಟನ್ನು ನೋಡುತ್ತ ಕೂತಿದ್ದೆ.

"ಮರೆತೆ ಸಾರ್. ತಪ್ಪಾಯ್ತು" ಎಂದರು ಓಂಕಾರಪ್ಪ.

ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಕೊನೆಯ ದಿನ ಗಾಜಿನ ತೊಟ್ಟಿಯನ್ನು ತೊಳೆದು ಒರೆಸಿ, ನಾರಿನ ಪುಡಿಯನ್ನು ಕ್ಯಾಂಪಸ್ಸಿನ ಗುಲಾಬಿ ಗಿಡಗಳ ಬುಡಕ್ಕೆ ಹಾಕಿ, ನನಗೆ ಬೀಗದ ಕೈ ಗೊಂಚಲು ಕೊಟ್ಟು ಹೋದರು. ನಾನು ಆ ವರ್ಷ ಪೂರೈಸಿದೆ. ಕಾರಿಡಾರು ನಿಶ್ಶಬ್ದವಾಗಿತ್ತು. ಗೋಡೆಯ ಸಣ್ಣ ಹಲ್ಲಿಗಳು ಲೊಚಗುಟ್ಟಿದರೆ ಸ್ಟಾಫ್ ರೂಮಿನವರು ಈಗಲೂ ಮೇಜು ಕುಟ್ಟುತ್ತಿದ್ದರು. ಯಾರೂ ಬೈಯಲಿಲ್ಲ ನನ್ನನ್ನು. ಪಾಪ, ಅಷ್ಟು ಚೆನ್ನಾಗಿ ಸಾಕಿದ್ದಳು ಎಂದರು. ಹಾಗೆ ಆ ಕಥೆ ಬಾಯಿಂದ ಬಾಯಿಗೆ ದಾಟಿ ನಾಲ್ಕು ವರ್ಷದಲ್ಲಿ ಕಡೂರಿನ ವೇದಿಕೆ ಹತ್ತಿತು.

ಚರ್ಚಾಸ್ಪರ್ಧೆಯ ಮರುದಿನ ಭಾನುವಾರ. ಅಜ್ಜಂಪುರದ ಬಸ್ಸು ಹತ್ತಿದೆ. ಓಂಕಾರಪ್ಪನವರ ಮನೆ ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಈರುಳ್ಳಿ ರಾಶಿ, ಗಂಡಹೆಂಡಿರು ಎದುರುಬದುರು ಕೂತು ಒಣಗಿದ ಗರಿ ಕೊಯ್ಯುತ್ತಿದ್ದರು. ಗಿರಿಜಮ್ಮನನ್ನು ನಾನು ನೋಡಿದ್ದು ಅದೇ ಮೊದಲು. ಗಂಡ ಹೆಸರು ಹೇಳುತ್ತಿದ್ದಂತೆಯೇ, "ಅಯ್ಯೋ, ಹಲ್ಲಿ ಮೇಡಮ್ಮೋರಾ!" ಎಂದು ಸೆರಗಲ್ಲಿ ಕೈ ಒರೆಸಿಕೊಂಡು ಎದ್ದರು. ಕಾಫಿ ತಂದುಕೊಟ್ಟು ನನ್ನ ಹತ್ತಿರವೇ ಕೂತರು.

"ಎಂಗಿತ್ತು ತಾಯಿ ಅದು? ನಾನು ನೋಡ್ಲೇ ಇಲ್ಲ. ಮೂರು ತಿಂಗಳು ಅದಕ್ಕೆ ಅಡುಗೆ ಮಾಡ್ದಂಗೆ ದಿನಾ ಮಿಡತೆ ಹಿಡಿದು ಕಳಿಸ್ದೆ. ಕೊನೇ ಸಲ ಎಷ್ಟೊಂದು ಸಿಕ್ಕಿದ್ವು ಗೊತ್ತಾ, ಹೊಟ್ಟೆ ತುಂಬ ತಿನ್ಲಿ ಅಂತ ಪೂರ್ತಿ ಚೀಲ ಕಳಿಸಿದ್ದೆ. ತಿಂತಾ?"

"ತಿಂತು" ಎಂದೆ.

"ಅಷ್ಟಾದ್ರೂ ಆಯ್ತಲ್ಲ. ಇವರಿಗೆ ಮೊದ್ಲಿಂದ ಮರೆವು ಕಣಮ್ಮ. ಆ ಜನರೇಟ್ರು ಒಂದು ಹಾಕಿದ್ರೆ ಅದೂ ಬದುಕೋದು, ಇವರ ಕೆಲ್ಸನೂ ಉಳಿಯೋದು. ನಾನು ಈಗ್ಲೂ ಅಂತಿರ್ತೀನಿ, ಬಾಯೇ ಬಿಡಲ್ಲ ಈ ಮನುಷ್ಯ."

ಓಂಕಾರಪ್ಪ ಗರಿ ಕೊಯ್ದ ಗೆಡ್ಡೆಗಳನ್ನು ಒಂದು ಕಡೆ, ಕೊಳೆತವನ್ನು ಒಂದು ಕಡೆ ಹಾಕುತ್ತಲೇ ಇದ್ದರು. ಹೆಂಡತಿಗೂ ಹೇಳಿರಲಿಲ್ಲ. ನಾಲ್ಕು ವರ್ಷ ಒಂದೇ ತಟ್ಟೆಯ ಎದುರು ಕೂತು ಮರೆವಿನವನು ಎನಿಸಿಕೊಂಡಿದ್ದರು.

ಗಿರಿಜಮ್ಮ ಲೋಟ ಎತ್ತಿಕೊಂಡು ಒಳಗೆ ಹೋದರು. ಒಳಗಿನಿಂದ ಪಾತ್ರೆಯ ಸದ್ದು ಬರುವವರೆಗೆ ಕಾದೆ. ಬರುವ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳು ಬಹಳ ಇದ್ದವು, ಕ್ಷಮೆಯದ್ದೂ ಸೇರಿ. ಅವೆಲ್ಲ ಆ ರಾಶಿಯ ಎದುರಿಗೆ ಚೆನ್ನಾಗಿ ಬರೆದ ವರದಿಯ ಹಾಗೇ ಅನಿಸಿದವು. ನಾನೂ ಒಂದು ಗೆಡ್ಡೆ ಎತ್ತಿಕೊಂಡೆ. ಅವರು ಇನ್ನೊಂದು ಕುಡುಗೋಲನ್ನು ನನ್ನ ಕಡೆ ಸರಿಸಿದರು.

"ಅವತ್ತು ಪ್ರಿನ್ಸಿಪಾಲರ ರೂಮಲ್ಲಿ ನನ್ನ ಕಡೆ ನೋಡಿದ್ರಲ್ಲ ಓಂಕಾರಪ್ಪ, ನಾನು ಬಾಯಿ ಬಿಡ್ತೀನಿ ಅಂತ ಕಾಯ್ತಾ ಇದ್ರಾ?"